ವುಡ್ರಫ್ ಡೈರಿ: ಎಲ್ಲಿ ನಂಬಬೇಕು, ಎಲ್ಲಿ ನಿಂತು ಓದಬೇಕು

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಮಾರ್ಮನ್ ಸಭೆಯವರು (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ದೇವಾಲಯ ಕಟ್ಟುತ್ತಾರೆ ಅನ್ನೋ ಸುದ್ದಿ 2018ರಲ್ಲಿ ಬಂದಾಗಿನಿಂದ ಅವರ ಇತಿಹಾಸ ಓದುತ್ತಿದ್ದೇನೆ. ಯಾವ ಪುಸ್ತಕ ತೆರೆದರೂ ಕೊನೆಗೆ ವಿಲ್ಫರ್ಡ್ ವುಡ್ರಫ್ ಎಂಬುವರ ಡೈರಿಗೇ ಬಂದು ನಿಲ್ಲುತ್ತದೆ. ಒಬ್ಬ ಮನುಷ್ಯ ಅರವತ್ತು ವರ್ಷ ಡೈರಿ ಬರೆದದ್ದು ನಿಜವಾ? ಯಾಕೆ ಬರೆದರು? ಸ್ವತಃ ನಾಯಕರಾಗಿದ್ದವರು ತಮ್ಮದೇ ಪಂಥದ ಬಗ್ಗೆ ಬರೆದದ್ದನ್ನು ಎಷ್ಟು ನಂಬಬಹುದು? ನನ್ನಂಥ ಸಾಮಾನ್ಯ ಓದುಗ ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಜ. ಅರವತ್ತಕ್ಕಿಂತ ಸ್ವಲ್ಪ ಜಾಸ್ತಿಯೇ. 1834ರ ಸುಮಾರಿಗೆ ಹಿಡಿದ ಲೇಖನಿಯನ್ನು ವುಡ್ರಫ್ 1898ರಲ್ಲಿ ತೀರಿಕೊಳ್ಳುವವರೆಗೂ ಕೆಳಗಿಡಲಿಲ್ಲ. ಒಟ್ಟು ಏಳು ಸಾವಿರಕ್ಕೂ ಹೆಚ್ಚು ಪುಟ. 1983ರಿಂದ 1985ರ ನಡುವೆ ಅದು ಅಚ್ಚಾದಾಗ ಒಂಬತ್ತು ದಪ್ಪ ಸಂಪುಟಗಳಾದವು.

ನಂಬಬಹುದಾ ಅಂತ ಕೇಳಿದ್ದೀರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಡೈರಿ ಎಲ್ಲಿ ಬೋರು ಹೊಡೆಸುತ್ತದೋ ಅಲ್ಲೇ ಅದನ್ನು ಹೆಚ್ಚು ನಂಬಬಹುದು. ವುಡ್ರಫ್ ಹೆಸರಿನಲ್ಲಿ ಓಡಾಡುವ ರೋಚಕ ಕಥೆಗಳನ್ನು ಹುಡುಕಿಕೊಂಡು ಆಯಾ ದಿನದ ಪುಟಕ್ಕೆ ಹೋದರೆ ಎಷ್ಟೋ ಸಲ ಅವು ಅಲ್ಲಿ ಇರೋದೇ ಇಲ್ಲ. ಅವು ಇರುವುದು ವಯಸ್ಸಾದ ಮೇಲೆ ಅವರು ಮಾಡಿದ ಭಾಷಣಗಳಲ್ಲಿ, ಹೇಳಿಕೊಂಡ ನೆನಪುಗಳಲ್ಲಿ. ಅಂದು ರಾತ್ರಿ ಬರೆದ ವುಡ್ರಫ್ ಬೇರೆ, ಮೂವತ್ತು ವರ್ಷ ಆದಮೇಲೆ ವೇದಿಕೆ ಮೇಲೆ ನಿಂತು ನೆನೆಸಿಕೊಂಡ ವುಡ್ರಫ್ ಬೇರೆ. ಇಬ್ಬರನ್ನೂ ಒಂದೇ ಅಂದುಕೊಂಡು ಓದಿದರೆ ಗೊಂದಲವಾಗುತ್ತದೆ.

ಮೊದಲು ಮನುಷ್ಯನ ಪರಿಚಯ. ಹುಟ್ಟಿದ್ದು 1807ರ ಮಾರ್ಚ್ 1ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಫಾರ್ಮಿಂಗ್ಟನ್‌ನಲ್ಲಿ. ಅಪ್ಪನದು ಹಿಟ್ಟಿನ ಗಿರಣಿ, ಮಗನೂ ಅದೇ ಕೆಲಸ ಕಲಿತರು. 1833ರ ಡಿಸೆಂಬರ್ 29ರಂದು ನ್ಯೂಯಾರ್ಕ್ ರಾಜ್ಯದ ರಿಚ್‌ಲ್ಯಾಂಡ್‌ನಲ್ಲಿ ಮಾರ್ಮನ್ ಪ್ರಚಾರಕರ ಮಾತು ಕೇಳಿದರು. 31ರಂದು, ಸುತ್ತ ಹಿಮ ಬಿದ್ದಿರುವಾಗ, ದೀಕ್ಷಾಸ್ನಾನ ಪಡೆದೇಬಿಟ್ಟರು. ಜೋಸೆಫ್ ಸ್ಮಿತ್ ಈ ಸಭೆ ಸ್ಥಾಪಿಸಿ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ವುಡ್ರಫ್ 1839ರಲ್ಲಿ ‘ಹನ್ನೆರಡು ಅಪೊಸ್ತಲರು’ ಎಂದು ಕರೆಯುವ ಸಭೆಯ ಹಿರಿಯ ನಾಯಕರಲ್ಲಿ ಒಬ್ಬರಾದರು. 1889ರಲ್ಲಿ ಸಭೆಯ ನಾಲ್ಕನೆಯ ಅಧ್ಯಕ್ಷರಾದರು. ಅಂದರೆ ಎಳೆಯ ಪಂಥವೊಂದು ಊರಿಂದೂರಿಗೆ ಅಟ್ಟಿಸಿಕೊಂಡು ಓಡಿ, ಕೊನೆಗೆ ಬೆಟ್ಟಗಳ ನಡುವೆ, ಈಗಿನ ಯೂಟಾದಲ್ಲಿ, ಒಂದು ರಾಜ್ಯವನ್ನೇ ಕಟ್ಟಿದ ಅಷ್ಟೂ ಕಾಲ ಇವರು ಒಳಗೇ ಇದ್ದರು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು.

ಯಾಕೆ ಬರೆದರು? ಒಂದು ಕಾರಣ ಧರ್ಮದ್ದು. ಸಭೆ ಶುರುವಾದ ದಿನವೇ, 1830ರ ಏಪ್ರಿಲ್ 6ರಂದು, ‘ನಿಮ್ಮಲ್ಲಿ ದಾಖಲೆ ಇಡಬೇಕು’ ಎಂಬ ದೇವವಾಣಿ ಬಂತು ಎಂದು ಅವರ ನಂಬಿಕೆ. ಹಾಗಾಗಿ ಡೈರಿ ಬರೆಯುವುದು ಆ ಜನಕ್ಕೆ ಹವ್ಯಾಸ ಅಲ್ಲ, ಭಕ್ತಿಯ ಒಂದು ಕೆಲಸ. ಆದರೆ ಆಜ್ಞೆ ಎಲ್ಲರಿಗೂ ಇತ್ತು, ಪಾಲಿಸಿದವರು ಕಮ್ಮಿ. ಸ್ವತಃ ಜೋಸೆಫ್ ಸ್ಮಿತ್ 1832ರ ನವೆಂಬರ್ 27ರಂದು ಒಂದು ಪುಸ್ತಕ ಕೊಂಡು, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಡುತ್ತೇನೆ ಅಂತ ಮೊದಲ ಪುಟದಲ್ಲೇ ಬರೆದುಕೊಂಡರು. ಕೆಲವೇ ದಿನ ನಡೆಯಿತು, ನಿಂತುಹೋಯಿತು. (ಹೊಸ ವರ್ಷಕ್ಕೆ ಡೈರಿ ಕೊಳ್ಳುವ ನಮ್ಮೆಲ್ಲರ ಹಾಡೂ ಅದೇ ಅಲ್ವಾ.) ಆಮೇಲೆ ಅವರ ಡೈರಿಗಳನ್ನು ಬಹುಪಾಲು ಗುಮಾಸ್ತರೇ ಬರೆದರು. ಸಾವಿರದೈನೂರಕ್ಕೂ ಹೆಚ್ಚು ಪುಟಗಳಲ್ಲಿ ಸ್ಮಿತ್ ಅವರ ಸ್ವಂತ ಕೈಬರಹ ಕಾಣುವುದು 31 ಪುಟಗಳಲ್ಲಿ ಮಾತ್ರ. ಪ್ರವಾದಿಗೇ ಆಗದ್ದನ್ನು ಗಿರಣಿಯ ಹುಡುಗ ಮಾಡಿ ತೋರಿಸಿದರು.

ಎರಡನೆಯ ಕಾರಣ ಸ್ವಭಾವ ಅಂತ ನನಗನ್ನಿಸುತ್ತದೆ. ಗಿರಣಿ ನಡೆಸುವವನಿಗೆ ಎಷ್ಟು ಮೂಟೆ ಬಂತು, ಎಷ್ಟು ಹಿಟ್ಟಾಯಿತು, ಯಾರು ಎಷ್ಟು ಬಾಕಿ ಅನ್ನೋ ಲೆಕ್ಕ ತಲೆಯಲ್ಲೇ ಓಡುತ್ತಿರುತ್ತದೆ. ವುಡ್ರಫ್ ದೇವರ ಕೆಲಸಕ್ಕೂ ಅದೇ ಲೆಕ್ಕ ಇಟ್ಟರು. ಎಷ್ಟು ಮೈಲಿ ನಡೆದೆ, ಎಷ್ಟು ಸಭೆ ನಡೆಸಿದೆ, ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟೆ, ಎಷ್ಟು ಕಾಗದ ಬರೆದೆ, ಎಷ್ಟು ಬಂತು. ವರ್ಷದ ಕೊನೆಗೆ ಮೊತ್ತ. ದಿನಸಿ ಅಂಗಡಿಯ ಖಾತೆ ಪುಸ್ತಕ ನೋಡಿದ ಹಾಗೇ ಆಗುತ್ತದೆ. 1835ರ ಮೊತ್ತ ನೋಡಿ: 3,248 ಮೈಲಿ ಪ್ರಯಾಣ, 170 ಸಭೆ, 43 ಜನಕ್ಕೆ ದೀಕ್ಷಾಸ್ನಾನ. ಆಗ ಅವರು ಅರ್ಕನ್ಸಾ, ಟೆನೆಸಿ, ಕೆಂಟಕಿ ಕಡೆ ಪ್ರಚಾರಕ್ಕೆ ಅಲೆಯುತ್ತಿದ್ದರು. ಕೈಯಲ್ಲಿ ಕಾಸಿಲ್ಲ, ರಾತ್ರಿ ಮಲಗಲು ಯಾರಾದರೂ ಜಾಗ ಕೊಟ್ಟರೆ ಉಂಟು. ಆದರೂ ಮೈಲಿ ಲೆಕ್ಕ ತಪ್ಪಲಿಲ್ಲ. ಇಡೀ ಜೀವಮಾನದ ಪ್ರಯಾಣವನ್ನು ಕೂಡಿದರೆ ಅವರದೇ ಲೆಕ್ಕದಲ್ಲಿ 1,72,000 ಮೈಲಿ ದಾಟುತ್ತದೆ.

ಬರೆಯುವ ರೀತಿಯೂ ಗೊತ್ತಿರಲಿ, ನಂಬಿಕೆಯ ಪ್ರಶ್ನೆಗೆ ಅದು ಬೇಕಾಗುತ್ತದೆ. ದಾರಿಯಲ್ಲಿರುವಾಗ ಜೇಬಿನಲ್ಲಿ ಹಿಡಿಯುವ ಚಿಕ್ಕ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು. ಒಂದು ಕಡೆ ನಿಂತ ಮೇಲೆ ಅದನ್ನು ದೊಡ್ಡ ಪುಸ್ತಕಕ್ಕೆ ನೀಟಾಗಿ ಇಳಿಸುತ್ತಿದ್ದರು. ಅಂದರೆ ನಾವು ಓದುವ ಪುಟ ಎಷ್ಟೋ ಕಡೆ ಎರಡನೆಯ ಪ್ರತಿ. ಆದರೆ ಇಳಿಸುವಾಗ ಎದುರಿಗೆ ಇದ್ದದ್ದು ಅಂದಿನ ಟಿಪ್ಪಣಿ, ಬರೀ ನೆನಪಲ್ಲ. ಪುಟಗಳ ಅಂಚಿನಲ್ಲಿ ಚಿತ್ರಗಳೂ ಉಂಟು. ಮುಖ್ಯವಾದ ಬೋಧನೆ ಕೇಳಿದ ದಿನ ಒಂದು ಬೀಗದ ಕೈ, ಮತ್ತೆಲ್ಲೋ ಹೃದಯ. ಅಲ್ಲಲ್ಲಿ ಕೆಲವು ಸಾಲು ಶಾರ್ಟ್‌ಹ್ಯಾಂಡಿನಲ್ಲಿ. ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಒಂದೇ ಪದವನ್ನು ಎರಡು ಮೂರು ರೀತಿ ಬರೆದಿರುತ್ತಾರೆ. ಶಾಲೆ ಕಡಿಮೆ, ಕೆಲಸ ಜಾಸ್ತಿ ಇದ್ದ ಕಾಲ.

ಇನ್ನು ಆ ಬೋರು ಹೊಡೆಸುವ ಲೆಕ್ಕ ಹೇಗೆ ಕೆಲಸಕ್ಕೆ ಬರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಇದು.

1840ರ ಮಾರ್ಚ್‌ನಲ್ಲಿ ವುಡ್ರಫ್ ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ಗೆ ಹೋದರು. ಅಲ್ಲಿ ಜಾನ್ ಬೆನ್‌ಬೋ ಎಂಬ ಅನುಕೂಲಸ್ಥ ರೈತರ ಮನೆ. ‘ಯುನೈಟೆಡ್ ಬ್ರೆದ್ರೆನ್’ ಎಂಬ ಒಂದು ಗುಂಪು ಮೆಥಡಿಸ್ಟರಿಂದ ಬೇರೆಯಾಗಿ ಆ ಸೀಮೆಯಲ್ಲಿ ಬೆಳೆದಿತ್ತು. ಸುಮಾರು 600 ಜನ, ಅವರದೇ ಬೋಧಕರು. ಬೆನ್‌ಬೋ ಅವರ ಹೊಲದಲ್ಲಿ ಒಂದು ಕೊಳ ಇತ್ತು. ತುಂಬಾ ಜನ ಬರುತ್ತಾರೆ ಅಂತ ಅಂದಾಜು ಮಾಡಿ ವುಡ್ರಫ್ ದಿನದ ಹೆಚ್ಚು ಹೊತ್ತು ಆ ಕೊಳವನ್ನು ಸ್ವಚ್ಛ ಮಾಡಿದರು. ಅಂದಾಜು ಸುಳ್ಳಾಗಲಿಲ್ಲ. ಗುಂಪಿಗೆ ಗುಂಪೇ ಬಂದು ಸೇರಿಕೊಂಡಿತು.

1881ರಲ್ಲಿ ವುಡ್ರಫ್ ಯುವಕರಿಗಾಗಿ ನೆನಪಿನ ಪುಸ್ತಕವೊಂದನ್ನು ಹೊರತಂದರು. ಅದರಲ್ಲಿ ಈ ಕೊಳದ ಕಥೆ ಹೇಳಿ, ಮುಂದೆ ಅದೇ ನೀರಿನಲ್ಲಿ 600 ಜನಕ್ಕೆ ದೀಕ್ಷಾಸ್ನಾನ ಕೊಟ್ಟೆ ಎನ್ನುತ್ತಾರೆ. ಒಳ್ಳೆಯ ದುಂಡಗಿನ ಅಂಕಿ. ಈಗ 1840ರ ಕೊನೆಯಲ್ಲಿ ಡೈರಿಯಲ್ಲಿ ಬರೆದ ಮೊತ್ತ ನೋಡಿ. ಇಡೀ ವರ್ಷದಲ್ಲಿ, ಎಲ್ಲ ಊರು ಸೇರಿ, ತಾನು ದೀಕ್ಷಾಸ್ನಾನ ಕೊಟ್ಟದ್ದು 336 ಜನಕ್ಕೆ. ಅದರಲ್ಲಿ 57 ಜನ ಬೇರೆ ಪಂಥಗಳ ಬೋಧಕರು. ಮುಂದಿನ ವರ್ಷದ ಆರಂಭದ ಕೆಲವರನ್ನು ಸೇರಿಸಿದರೂ ಒಂದೇ ಕೊಳದಲ್ಲಿ 600 ಅನ್ನೋದಕ್ಕೆ ಲೆಕ್ಕ ಕೂಡುವುದಿಲ್ಲ.

ವುಡ್ರಫ್ ಬೇಕಂತಲೇ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಆ ಸೀಮೆಯಲ್ಲಿ ಬೇರೆ ಪ್ರಚಾರಕರೂ ಇದ್ದರು, ಅವರೂ ಜನರನ್ನು ನೀರಿಗಿಳಿಸಿದರು. ನಲವತ್ತು ವರ್ಷ ಕಳೆದ ಮೇಲೆ ‘ನಾವು’ ಮಾಡಿದ್ದು ‘ನಾನು’ ಮಾಡಿದ್ದಾಗಿ, 600 ಜನರ ಗುಂಪು 600 ಜನರ ದೀಕ್ಷಾಸ್ನಾನವಾಗಿ ನೆನಪಿನಲ್ಲಿ ಕೂತುಕೊಳ್ಳುವುದು ದೊಡ್ಡ ಮಾತೇನಲ್ಲ. ಗಮನಿಸಬೇಕಾದ್ದು ಏನಂದರೆ, ಮುದುಕ ವುಡ್ರಫ್ ಹೇಳಿದ್ದನ್ನು ತಿದ್ದುವ ದಾಖಲೆ ಯುವಕ ವುಡ್ರಫ್ ಬರೆದಿಟ್ಟದ್ದೇ. ಅವರ ಟೀಕಾಕಾರರು ಹುಡುಕಿ ತಂದದ್ದಲ್ಲ.

ಅದೇ ವರ್ಷದ ಇನ್ನೊಂದು ವಿಷಯ ಮೊತ್ತದಲ್ಲಿ ಬರುವಂಥದ್ದಲ್ಲ. ಅವರು ಇಂಗ್ಲೆಂಡಿನಲ್ಲಿ ಇರುವಾಗಲೇ, 1840ರ ಜುಲೈ 17ರಂದು, ಅಮೆರಿಕದಲ್ಲಿ ಎರಡು ವರ್ಷದ ಮಗಳು ಸಾರಾ ಎಮ್ಮಾ ತೀರಿಕೊಂಡಳು. ಸುದ್ದಿ ಹಡಗಿನಲ್ಲಿ ಬರಬೇಕು. ಹಾಗಾಗಿ ಮಗು ಸತ್ತ ಮೇಲೂ ಎಷ್ಟೋ ವಾರ ಅಪ್ಪ ಏನೂ ಗೊತ್ತಿಲ್ಲದೆ ಸಭೆ, ಮೈಲಿ ಬರೆಯುತ್ತಾ ಹೋಗಿದ್ದಾರೆ. ಆ ಆಗಸ್ಟ್ ತಿಂಗಳ ಪುಟಗಳನ್ನು ಇದು ಗೊತ್ತಿದ್ದು ಓದುವುದು ಕಷ್ಟ.

ಬೇರೆಯವರ ಮಾತನ್ನು ದಾಖಲಿಸುವುದರಲ್ಲಿ ವುಡ್ರಫ್ ಎಷ್ಟು ನಿಖರ? ಇಲ್ಲಿ ಸ್ವಲ್ಪ ಎಚ್ಚರ ಬೇಕು. ಜೋಸೆಫ್ ಸ್ಮಿತ್ ಮಾತಾಡಿದ್ದನ್ನು ಬರೆದಿಡುವವರೆಗೆ ತನಗೆ ಸಮಾಧಾನವೇ ಇರುತ್ತಿರಲಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ತಾನು ಬರೆಯದೆ ಹೋಗಿದ್ದರೆ ಎಷ್ಟೋ ಪ್ರಸಂಗಗಳು (ಧರ್ಮಬೋಧನೆಗಳು) ಭೂಮಿಯ ಮೇಲೆ ಎಲ್ಲೂ ಉಳಿಯುತ್ತಿರಲಿಲ್ಲ ಅನ್ನೋ ಹೆಮ್ಮೆಯೂ ಇತ್ತು. ಆ ಹೆಮ್ಮೆಗೆ ಕಾರಣ ಇದೆ. ಸಭೆಯ ಅಧಿಕೃತ ಇತಿಹಾಸ ಬರೆಯಲು ಕೂತವರು ಇವರ ಡೈರಿಯಿಂದ ಧಾರಾಳವಾಗಿ ತೆಗೆದುಕೊಂಡರು. 1856ರಿಂದ ಇವರೇ ಸಹಾಯಕ ಇತಿಹಾಸಕಾರರಾಗಿಯೂ ಇದ್ದರು. ಆದರೆ ಟೇಪ್ ರೆಕಾರ್ಡರ್ ಇಲ್ಲದ ಕಾಲ. ಬರೆದದ್ದು ಕೇಳಿದ್ದರ ಸಾರಾಂಶ, ಪದಕ್ಕೆ ಪದ ಅಲ್ಲ.

ಇದನ್ನು ಪರೀಕ್ಷೆ ಮಾಡಲು ಒಂದು ಒಳ್ಳೆಯ ಅವಕಾಶ ಉಂಟು. 1844ರ ಏಪ್ರಿಲ್ 7ರಂದು ಇಲಿನಾಯ್‌ನ ನಾವೂ ಊರಿನಲ್ಲಿ ಸ್ಮಿತ್ ದೊಡ್ಡ ಪ್ರಸಂಗ ಮಾಡಿದರು. ಬಾವಿ ತೋಡುವಾಗ ಸತ್ತ ಕಿಂಗ್ ಫಾಲೆಟ್ ಎಂಬುವರ ಹೆಸರಿನಲ್ಲಿ ಅದು ಪ್ರಸಿದ್ಧ. ದೇವರೂ ಒಂದು ಕಾಲದಲ್ಲಿ ಮನುಷ್ಯನಾಗಿದ್ದ ಎಂಬ, ಬೇರೆ ಕ್ರೈಸ್ತರು ಕೇಳಿದರೆ ಬೆಚ್ಚಿಬೀಳುವ ಬೋಧನೆ ಅದರಲ್ಲಿದೆ. ಅಂದು ನಾಲ್ಕು ಜನ ಬರೆದುಕೊಂಡರು: ಥಾಮಸ್ ಬುಲಕ್, ವಿಲಿಯಂ ಕ್ಲೇಟನ್, ವಿಲ್ಲರ್ಡ್ ರಿಚರ್ಡ್ಸ್ ಮತ್ತು ವುಡ್ರಫ್. ನಾಲ್ಕನ್ನೂ ಪಕ್ಕಪಕ್ಕ ಇಟ್ಟರೆ ವಿಷಯ ಒಂದೇ, ವಾಕ್ಯಗಳು ಬೇರೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರಲ್ಲಿ ಸಿಗುತ್ತದೆ. ಇದಾಗಿ ಮೂರು ತಿಂಗಳೊಳಗೆ, ಜೂನ್ 27ರಂದು, ಕಾರ್ತೇಜ್ ಜೈಲಿಗೆ ನುಗ್ಗಿದ ಗುಂಪು ಸ್ಮಿತ್ ಅವರನ್ನು ಕೊಂದಿತು.

ಆ ಸಾವಿನ ಸುದ್ದಿ ವುಡ್ರಫ್‌ಗೆ ತಲುಪಿದ್ದು ಜುಲೈ 9ರಂದು, ದೂರದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಒಂದು ವಾರ ಅವರು ಗಟ್ಟಿಯಾಗಿಯೇ ಇದ್ದರು. 17ರಂದು ಬಾಸ್ಟನ್‌ನಲ್ಲಿ ಬ್ರಿಗಮ್ ಯಂಗ್ ಸಿಕ್ಕಿದರು. ಸ್ಮಿತ್ ನಂತರ ಸಭೆಯ ನಾಯಕರಾದವರು ಇವರೇ. ಅಂದು ಮುಖ ಮುಚ್ಚಿಕೊಂಡು ಅತ್ತೆ, ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಬಂದಿರಲಿಲ್ಲ ಎಂದು ಡೈರಿ ಹೇಳುತ್ತದೆ. ಲೆಕ್ಕದ ಮನುಷ್ಯ ಲೆಕ್ಕ ಬಿಟ್ಟು ಬರೆದ ಪುಟಗಳು ಇಂಥವು. ಜಾಸ್ತಿ ಇಲ್ಲ, ಆದರೆ ಇದ್ದಲ್ಲಿ ನಾಟುತ್ತವೆ.

ಈಗ ಯೂಟಾದಲ್ಲಿ ಪ್ರತಿ ಮಗುವಿಗೂ ಗೊತ್ತಿರುವ ಘಟನೆಗೆ ಬರೋಣ. 1847ರ ಜುಲೈ 24. ಹೊಸ ನೆಲೆ ಹುಡುಕಿ ಪಶ್ಚಿಮಕ್ಕೆ ಹೊರಟ ತಂಡದಲ್ಲಿ ಬ್ರಿಗಮ್ ಯಂಗ್ ಜ್ವರದಿಂದ ಮಲಗಿದ್ದರು. ಅವರನ್ನು ತನ್ನ ಗಾಡಿಯಲ್ಲಿ ಕರೆತಂದದ್ದು ವುಡ್ರಫ್. ಬೆಟ್ಟದ ಬಾಯಿಯಿಂದ ಸಾಲ್ಟ್ ಲೇಕ್ ಕಣಿವೆ ಕಂಡಾಗ ಯಂಗ್ ಎದ್ದು ನೋಡಿ, ‘ಸಾಕು, ಇದೇ ಸರಿಯಾದ ಜಾಗ, ಗಾಡಿ ಹೊಡಿ’ ಎಂದರಂತೆ. ಆ ಮಾತಿನ ಹೆಸರಲ್ಲಿ ಅಲ್ಲೊಂದು ಸ್ಮಾರಕವೇ ಇದೆ.

ಆ ದಿನದ ಡೈರಿಯಲ್ಲಿ ಆ ಮಾತಿಲ್ಲ. ತನ್ನ ಬದುಕಿನಲ್ಲೂ ಸಭೆಯ ಇತಿಹಾಸದಲ್ಲೂ ಇದು ಮುಖ್ಯವಾದ ದಿನ ಎಂದು ವುಡ್ರಫ್ ಬರೆಯುತ್ತಾರೆ. ಕಣಿವೆಯ ಮಣ್ಣು, ನೀರು, ಹಸಿರು ವರ್ಣಿಸುತ್ತಾರೆ. ತಮ್ಮ ಜನ ನೆಲೆಸಲು ತಕ್ಕ ಜಾಗ ಎಂದು ಯಂಗ್‌ಗೆ ಪೂರ್ತಿ ತೃಪ್ತಿಯಾಯಿತು ಎನ್ನುತ್ತಾರೆ. ಅಷ್ಟೇ. ಆ ಪ್ರಸಿದ್ಧ ವಾಕ್ಯ ವುಡ್ರಫ್ ಬಾಯಿಂದ ಬಂದದ್ದು 1880ರಲ್ಲಿ, ಅದೇ ದಿನಾಚರಣೆಯ ಭಾಷಣದಲ್ಲಿ. ಮೂವತ್ಮೂರು ವರ್ಷ ಆದಮೇಲೆ. ಯಂಗ್ ಹಾಗೆ ಹೇಳಿರಲೇ ಇಲ್ಲ ಅಂತ ಇದರಿಂದ ಸಾಬೀತಾಗುವುದಿಲ್ಲ. ಡೈರಿಯ ‘ಪೂರ್ತಿ ತೃಪ್ತಿ’ಯೇ ಭಾಷಣದಲ್ಲಿ ಒಂದು ಉದ್ಗಾರವಾಗಿರಬಹುದು. ನನ್ನನ್ನು ಕೇಳಿದರೆ ಡೈರಿಯ ಸಾಲನ್ನು ಹಿಡಿಯುತ್ತೇನೆ, ಭಾಷಣದ ಸಾಲನ್ನು ‘ಅಂತೆ’ ಹಚ್ಚಿ ಹೇಳುತ್ತೇನೆ.

ಆ ಪ್ರಯಾಣದ್ದೇ ಇನ್ನೊಂದು ಪುಟವನ್ನು ಬಿಡಲು ಮನಸ್ಸಿಲ್ಲ. ಕಣಿವೆ ತಲುಪಲು ಎರಡು ವಾರ ಮುಂಚೆ, ಜುಲೈ 8ರಂದು, ಫೋರ್ಟ್ ಬ್ರಿಜರ್ ಬಳಿ ತಂಡ ತಂಗಿತ್ತು. ವುಡ್ರಫ್ ಲಿವರ್‌ಪೂಲ್‌ನಿಂದ ತಂದಿದ್ದ ಗಾಳದ ಕೋಲು ಹೊರತೆಗೆದರು. ತುದಿಗೆ ನಿಜವಾದ ಹುಳು ಅಲ್ಲ, ಹುಳುವಿನ ಹಾಗೆ ಕಾಣುವ ಕೃತಕ ನೊಣ. ಉಳಿದವರು ಮಾಂಸದ ಚೂರು, ಮಿಡತೆ ಸಿಕ್ಕಿಸಿ ಕೂತಿದ್ದರು. ಅಮೆರಿಕದಲ್ಲಿ ಈ ಕೃತಕ ನೊಣ ಬಳಸಿದ್ದನ್ನು ತಾನು ಹಿಂದೆಂದೂ ನೋಡಿಯೂ ಇರಲಿಲ್ಲ ಎಂದು ಬರೆಯುತ್ತಾರೆ. ನೊಣ ನೀರಿನ ಮೇಲೆ ತೇಲುವುದನ್ನು ಕಣ್ಣು ಕೀಲಿಸಿ ನೋಡುತ್ತಿದ್ದಂತೆ ಟ್ರೌಟ್ ಮೀನು ಬಾಯಿ ಹಾಕಿತು. ಒಟ್ಟು ಹನ್ನೆರಡು ಮೀನು. ಅರ್ಧದಷ್ಟು ಮೀನು ಒಂದೊಂದೂ ಮುಕ್ಕಾಲು ಪೌಂಡ್ ತೂಕ. ಉಳಿದ ಇಡೀ ಶಿಬಿರಕ್ಕೆ ದಿನವೆಲ್ಲ ಸೇರಿ ಮೂರು ಪೌಂಡ್ ಕೂಡ ಸಿಗಲಿಲ್ಲ ಅನ್ನೋದನ್ನು ಸೇರಿಸಲು ಮರೆಯಲಿಲ್ಲ ಪುಣ್ಯಾತ್ಮ. ಪಶ್ಚಿಮ ಅಮೆರಿಕದಲ್ಲಿ ಈ ಥರ ಮೀನು ಹಿಡಿದದ್ದಕ್ಕೆ ಸಿಗುವ ಮೊದಮೊದಲ ದಾಖಲೆಗಳಲ್ಲಿ ಇದೂ ಒಂದು. ಧರ್ಮದ ಗಂಧವೇ ಇಲ್ಲದ ಮೀನುಗಾರರು ಇವತ್ತಿಗೂ ಈ ಪುಟವನ್ನು ಉದಾಹರಿಸುತ್ತಾರೆ.

‘ತಮ್ಮದೇ ಪಂಥದ ಬಗ್ಗೆ’ ಅನ್ನೋ ನಿಮ್ಮ ಅನುಮಾನಕ್ಕೆ ನೇರ ಉತ್ತರ ಬೇಕಾದರೆ 1857ಕ್ಕೆ ಹೋಗಬೇಕು. ಆ ವರ್ಷ ಸೆಪ್ಟೆಂಬರ್ 11ರಂದು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್‌ನಲ್ಲಿ ಸುಮಾರು 120 ಜನ ವಲಸಿಗರ ಕಗ್ಗೊಲೆಯಾಯಿತು. ಹೆಂಗಸರು, ಮಕ್ಕಳೂ ಅದರಲ್ಲಿ ಇದ್ದರು. ಮಾಡಿದವರು ಅಲ್ಲಿನ ಮಾರ್ಮನ್ ದಂಡಿನವರು, ಜೊತೆಗೆ ಕೆಲವು ಪೈಯೂಟ್ ಬುಡಕಟ್ಟಿನವರು. ಸೆಪ್ಟೆಂಬರ್ 29ರಂದು ಆ ಕೊಲೆಗಳಲ್ಲಿ ಭಾಗಿಯಾಗಿದ್ದ ಜಾನ್ ಡಿ. ಲೀ ಸಾಲ್ಟ್ ಲೇಕ್ ನಗರಕ್ಕೆ ಬಂದು ಬ್ರಿಗಮ್ ಯಂಗ್‌ಗೆ ವರದಿ ಒಪ್ಪಿಸಿದ. ವುಡ್ರಫ್ ಅಲ್ಲೇ ಇದ್ದರು, ಬರೆದುಕೊಂಡರು. ಲೀ ಎಲ್ಲ ತಪ್ಪನ್ನೂ ಬುಡಕಟ್ಟಿನವರ ತಲೆಗೆ ಕಟ್ಟಿದ. ಡೈರಿಯಲ್ಲಿ ಇರುವುದೂ ಅದೇ.

ಇಲ್ಲಿ ಡೈರಿ ಸುಳ್ಳು ಹೇಳುತ್ತಿದೆಯಾ? ಇಲ್ಲ. ಲೀ ಹೇಳಿದ ಸುಳ್ಳನ್ನು ಪ್ರಾಮಾಣಿಕವಾಗಿ ಬರೆದಿದೆ. ಅಂದು ಯಂಗ್ ಕಿವಿಗೆ ಏನು ಬಿತ್ತು ಅನ್ನೋದಕ್ಕೆ ಅದು ಒಳ್ಳೆಯ ಸಾಕ್ಷಿ. ಮೈದಾನದಲ್ಲಿ ಏನಾಯಿತು ಅನ್ನೋದಕ್ಕೆ ಏನೂ ಅಲ್ಲ. ಈ ವ್ಯತ್ಯಾಸ ಹಿಡಿಯದೆ ಎರಡೂ ಕಡೆಯವರು ಈ ಪುಟವನ್ನು ಎಳೆದಾಡಿದ್ದಾರೆ. 1877ರ ಮಾರ್ಚ್ 23ರಂದು ಅದೇ ಜಾಗದಲ್ಲಿ ಲೀಗೆ ಗುಂಡಿಕ್ಕಿ ಮರಣದಂಡನೆ ಕೊಡಲಾಯಿತು. ಶಿಕ್ಷೆ ಆದದ್ದು ಅವನೊಬ್ಬನಿಗೇ.

ಇನ್ನೂ ಒಂದು ಸಾಲು ಇದೆ. 1861ರ ಮೇ ತಿಂಗಳಲ್ಲಿ ಯಂಗ್ ಮತ್ತು ಜೊತೆಯವರು ಆ ಜಾಗಕ್ಕೆ ಹೋದರು. ಸತ್ತವರ ನೆನಪಿಗೆ ಅಮೆರಿಕ ಸರಕಾರದ ಸೈನಿಕರು ಕಲ್ಲುರಾಶಿ ಕಟ್ಟಿ ಮರದ ಶಿಲುಬೆ ನಿಲ್ಲಿಸಿದ್ದರು. ಅದರ ಮೇಲೆ ‘ಮುಯ್ಯಿ ತೀರಿಸುವುದು ನನ್ನದು ಎಂದು ಕರ್ತನು ಹೇಳುತ್ತಾನೆ’ ಎಂಬ ಬೈಬಲ್ ವಾಕ್ಯ. ಅದನ್ನು ಓದಿದ ಯಂಗ್, ‘ಮುಯ್ಯಿ ತೀರಿಸುವುದು ನನ್ನದು, ಸ್ವಲ್ಪ ತೀರಿಸಿದ್ದೇನೆ’ ಎಂದು ಇರಬೇಕಿತ್ತು ಅಂದರು. ಇದು ನಮಗೆ ಗೊತ್ತಾಗಿರುವುದು ವುಡ್ರಫ್ ಡೈರಿಯಿಂದ. ಗುರುವಿನ ಹೆಸರು ಕಾಪಾಡುವುದೇ ಉದ್ದೇಶವಾಗಿದ್ದರೆ ಈ ಸಾಲನ್ನು ಯಾರು ಬರೆಯುತ್ತಾರೆ? ಅವರಿಗೆ ಅದು ಮುಜುಗರದ ಮಾತು ಅಂತ ಅನ್ನಿಸಿಯೇ ಇರಲಿಲ್ಲವೇನೋ. ಆ ಕಾಲದ, ಆ ಗುಂಪಿನ ಮನಸ್ಸು ಹೇಗಿತ್ತು ಅನ್ನೋದಕ್ಕೆ ಅದೂ ಸಾಕ್ಷಿಯೇ.

1877ರ ಆಗಸ್ಟ್ ಪುಟಗಳೂ ಮಜವಾಗಿವೆ. ಆಗ ವುಡ್ರಫ್ ಸೇಂಟ್ ಜಾರ್ಜ್ ದೇವಾಲಯದ ಉಸ್ತುವಾರಿ. ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು ಎಂಬುದು ಮಾರ್ಮನ್ ನಂಬಿಕೆ. ಆಗಸ್ಟ್ 19ರ ಸಂಜೆ ಕೂತು ಹಿಂದಿನ ಶತಮಾನಗಳ ಹೆಸರಾಂತ ವ್ಯಕ್ತಿಗಳ ಪಟ್ಟಿ ಮಾಡಿದೆ ಎಂದು ಬರೆಯುತ್ತಾರೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರು ಮತ್ತು ರಾಷ್ಟ್ರಾಧ್ಯಕ್ಷರು ಅದರಲ್ಲಿದ್ದರು. 21ರಂದು ನೂರು ಜನರ ಪರವಾಗಿ ತಾವೇ ನೀರಿಗಿಳಿದರು. ಸೆಪ್ಟೆಂಬರ್ 16ರ ಪ್ರಸಂಗದಲ್ಲಿ ಇದರ ಹಿಂದಿನ ಕಾರಣ ಹೇಳಿದರು: ಸಹಿ ಹಾಕಿದವರ ಆತ್ಮಗಳೇ ಬಂದು ನಮಗೇಕೆ ಇನ್ನೂ ಮಾಡಿಲ್ಲ ಎಂದು ಕೇಳಿದವು. ಆಗಸ್ಟ್‌ನ ಪುಟಗಳಲ್ಲಿ ಪಟ್ಟಿ ಇದೆ, ಆತ್ಮಗಳು ಇಲ್ಲ. ನಂಬುವವರು ‘ಅಷ್ಟು ಪವಿತ್ರವಾದ್ದನ್ನು ಬರೆಯಲಿಲ್ಲ’ ಎನ್ನುತ್ತಾರೆ. ನಂಬದವರು ‘ಆಮೇಲೆ ಸೇರಿದ್ದು’ ಎನ್ನುತ್ತಾರೆ. ಎರಡನೆಯ ಗುಂಪಿನವರೂ ಒಂದು ಗಮನಿಸಬೇಕು. ಇಲ್ಲಿ ಅಂತರ ಮೂವತ್ತು ವರ್ಷದ್ದಲ್ಲ, ಒಂದು ತಿಂಗಳೂ ಆಗಿಲ್ಲ.

ಕೊನೆಯ ಉದಾಹರಣೆ ಎಲ್ಲಕ್ಕಿಂತ ಭಾರದ್ದು. 1882 ಮತ್ತು 1887ರ ಕೇಂದ್ರ ಕಾನೂನುಗಳು ಮಾರ್ಮನರಲ್ಲಿ ರೂಢಿಯಲ್ಲಿದ್ದ ಬಹುಪತ್ನಿತ್ವದ ಮೇಲೆ ಬಿಗಿ ಹಿಡಿದವು. ವುಡ್ರಫ್‌ಗೂ ಹಲವು ಪತ್ನಿಯರು, ಹಾಗಾಗಿ ತಲೆಮರೆಸಿಕೊಂಡರು. ಹೆಸರು ‘ಲೂಯಿಸ್ ಅಲೆನ್’ ಆಯಿತು. ಹೆಂಗಸರ ಉದ್ದನೆಯ ನಿಲುವಂಗಿ, ಬಾನೆಟ್ ಟೋಪಿ ಹಾಕಿಕೊಂಡು ಓಡಾಡಿದ್ದೂ ಉಂಟು, ಎಪ್ಪತ್ತು ದಾಟಿದ ಮುದುಕ. 1885ರ ನವೆಂಬರ್‌ನಲ್ಲಿ ಮೊದಲ ಪತ್ನಿ ಫೀಬಿ ತೀರಿಕೊಂಡಾಗ ಹೊರಗೆ ಬಂದರೆ ಬಂಧನ. ಶವಯಾತ್ರೆ ಹೋಗುವುದನ್ನು ಕಚೇರಿಯ ಕಿಟಕಿಯಿಂದ ನೋಡಿದರು.

1890ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಸರಕಾರದ ಪರ ನಿಂತಿತು. ಸಭೆಯ ಆಸ್ತಿಯೇ ಹೋಗುವ ಸ್ಥಿತಿ. ಸೆಪ್ಟೆಂಬರ್ 25ರಂದು ವುಡ್ರಫ್ ಡೈರಿಯಲ್ಲಿ ಬರೆಯುತ್ತಾರೆ: ಸಭೆಯ ಲೌಕಿಕ ಉಳಿವಿಗಾಗಿ ಹೆಜ್ಜೆ ಇಡಲೇಬೇಕಾದ ಘಟ್ಟಕ್ಕೆ ಬಂದಿದ್ದೇನೆ, ಸರಕಾರ ಕಾನೂನು ಮಾಡಿ ನಮ್ಮನ್ನು ನಾಶ ಮಾಡಲು ನಿಂತಿದೆ, ಪ್ರಾರ್ಥನೆ ಮಾಡಿ ಪ್ರೇರಣೆಯಾದ ಮೇಲೆ ಈ ಪ್ರಕಟಣೆ ಹೊರಡಿಸಿದ್ದೇನೆ. ಬಹುಪತ್ನಿತ್ವಕ್ಕೆ ತೆರೆ ಎಳೆಯಲು ಹೊರಟ ‘ಮ್ಯಾನಿಫೆಸ್ಟೋ’ ಅದು. ಅಕ್ಟೋಬರ್ 6ರಂದು ಸಭೆ ಅದನ್ನು ಒಪ್ಪಿತು. 1896ರಲ್ಲಿ ಯೂಟಾ ರಾಜ್ಯವಾಯಿತು.

1891ರ ನವೆಂಬರ್‌ನಲ್ಲಿ ಲೋಗನ್ ಊರಿನಲ್ಲಿ ಇದೇ ವಿಷಯ ಮಾತಾಡಿದಾಗ ಒತ್ತು ಬೇರೆ. ಈ ಪದ್ಧತಿ ನಿಲ್ಲಿಸದಿದ್ದರೆ ಏನಾಗುತ್ತದೆ ಎಂದು ದೇವರು ದರ್ಶನದಲ್ಲಿ ತೋರಿಸಿದ ಎನ್ನುತ್ತಾರೆ. ದೇವಾಲಯಗಳು ಕೈತಪ್ಪುವುದು, ನಾಯಕರು ಜೈಲಿಗೆ ಹೋಗುವುದು. ಡೈರಿಯಲ್ಲಿ ಮುಂದೆ ನಿಂತಿರುವುದು ಸರಕಾರ, ದೇವರ ಪ್ರೇರಣೆ ಅದರ ಹಿಂದೆ. ಭಾಷಣದಲ್ಲಿ ದೇವರು ಮುಂದೆ. ಎರಡೂ ಒಬ್ಬರದೇ ಮಾತು, ಎರಡನ್ನೂ ಅವರು ನಂಬಿಯೇ ಹೇಳಿರಬೇಕು. ಆದರೆ ಡೈರಿ ತನಗಾಗಿ ಬರೆದದ್ದು. ಭಾಷಣ ಗೊಂದಲದಲ್ಲಿದ್ದ, ಸಿಟ್ಟಾಗಿದ್ದ ಜನರನ್ನು ಸಮಾಧಾನ ಮಾಡಲು ಮಾಡಿದ್ದು.

ಇನ್ನು ನೀವು ಎಲ್ಲಿಂದ ಶುರು ಮಾಡಬೇಕು ಅನ್ನೋದು. ದಯವಿಟ್ಟು ಮೊದಲ ಪುಟದಿಂದ ಬೇಡ. 1834ರಿಂದ ಹೊರಟರೆ ಅರ್ಕನ್ಸಾದ ಕೆಸರಿನಲ್ಲೇ ಸಿಕ್ಕಿಕೊಂಡು ಬಿಟ್ಟುಬಿಡುತ್ತೀರಿ. ಒಂಬತ್ತು ಸಂಪುಟ ಕೊಳ್ಳುವ ಅಗತ್ಯವೂ ಇಲ್ಲ. ಮೂಲ ಪುಸ್ತಕಗಳು ಸಾಲ್ಟ್ ಲೇಕ್ ನಗರದಲ್ಲಿ ಸಭೆಯ ಇತಿಹಾಸ ಗ್ರಂಥಾಲಯದಲ್ಲಿವೆ. ವುಡ್ರಫ್ ಬರಹಗಳನ್ನೆಲ್ಲ ಅಂತರ್ಜಾಲಕ್ಕೆ ಏರಿಸುವ ಪ್ರತಿಷ್ಠಾನವೊಂದು 2020ರಲ್ಲಿ ಶುರುವಾಯಿತು. ಡೈರಿ ಅಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಕಡೆ ಕೈಬರಹದ ಪುಟದ ಚಿತ್ರ, ಪಕ್ಕದಲ್ಲಿ ಓದಲು ಬರುವ ಅಚ್ಚು.

1847ರ ಜುಲೈ ತಿಂಗಳನ್ನು ಪೂರ್ತಿ ಓದಿ. ಮೀನು, ಜ್ವರ, ಗಾಡಿ, ಕಣಿವೆ ಎಲ್ಲ ಒಂದೇ ತಿಂಗಳಲ್ಲಿ ಸಿಗುತ್ತದೆ. ಕಾಗುಣಿತಕ್ಕೂ ಕಣ್ಣು ಹೊಂದಿಕೊಳ್ಳುತ್ತದೆ. ಆಮೇಲೆ 1840ರ ಮಾರ್ಚ್, 1844ರ ಜುಲೈ, 1857ರ ಸೆಪ್ಟೆಂಬರ್ ಕೊನೆ, 1890ರ ಸೆಪ್ಟೆಂಬರ್. ಅವರು ಮೈಮೇಲಿನ ಗಾಯಗಳಿಗೂ ಪಟ್ಟಿ ಮಾಡಿದ್ದಾರೆ, ಅದನ್ನೂ ಹುಡುಕಿ. ಮೂರನೆಯ ವಯಸ್ಸಿಗೆ ಕುದಿಯುವ ನೀರಿನ ಕೊಪ್ಪರಿಗೆಗೆ ಬಿದ್ದದ್ದು, ಕೊಡಲಿ ಪಾದ ಸೀಳಿದ್ದು, ಹುಚ್ಚುನಾಯಿ ಕಚ್ಚಿದ್ದು, 1846ರಲ್ಲಿ ಮರ ಮೈಮೇಲೆ ಬಿದ್ದು ಎದೆಮೂಳೆ, ಪಕ್ಕೆಲುಬು ಮುರಿದದ್ದು, ಎಲ್ಲಕ್ಕೂ ಲೆಕ್ಕ ಇದೆ. ಸೈತಾನ ಕೊಲ್ಲಲು ನೋಡಿದ, ದೇವರು ಉಳಿಸಿದ ಅನ್ನೋದು ಅವರ ವಿವರಣೆ.

ಪ್ರಸಿದ್ಧ ಕಥೆ ಯಾವುದನ್ನೇ ಓದಿದರೂ ಆ ತಾರೀಕಿನ ಪುಟ ತೆಗೆದು ನೋಡಿ. ಎರಡು ನಿಮಿಷದ ಕೆಲಸ. ಕಥೆ ಅಲ್ಲಿ ಇಲ್ಲದಿದ್ದರೆ ಅದಕ್ಕೆ ಹಿಂದುಮುಂದಿನ ಮೂರು ದಿನಗಳನ್ನೂ ನೋಡಿ. ಎಷ್ಟೋ ಸಲ ಅವರು ತಡವಾಗಿ ಇಳಿಸಿರುತ್ತಾರೆ.